ಪಿಪಿ1 ಎಷ್ಟು, ಪಿಪಿ2ಎ ಎಷ್ಟು? ಒಕಡಾಯಿಕ್ ಆಮ್ಲ ಬಳಸಿ ಅಳೆದ ನನ್ನ ಅನುಭವ

ಪಿಪಿ1, ಪಿಪಿ2ಎ ಎಂದರೆ ಪ್ರೋಟೀನ್‌ಗಳಿಂದ ಫಾಸ್ಫೇಟ್ ಕಳಚುವ ಫಾಸ್ಫಟೇಸ್ ಕಿಣ್ವಗಳು. ಕೋಶಸಾರದ ಫಾಸ್ಫಟೇಸ್ ಚಟುವಟಿಕೆಯಲ್ಲಿ ಇವೆರಡರ ಪಾಲನ್ನು ಬೇರೆ ಮಾಡಲು ನಾನು ಬಳಸುವುದು ಇವನ್ನು ತಡೆಯುವ ಒಕಡಾಯಿಕ್ ಆಮ್ಲ. ಹೆಸರು ಬಂದದ್ದು ಹ್ಯಾಲಿಕಾಂಡ್ರಿಯ ಒಕಡಾಯ್ ಎಂಬ ಸ್ಪಂಜಿನಿಂದ. ಆದರೆ ಈ ವಿಷವನ್ನು ತಯಾರಿಸುವುದು ಪ್ರೊರೊಸೆಂಟ್ರಮ್, ಡೈನೊಫೈಸಿಸ್‌ನಂಥ ಸೂಕ್ಷ್ಮಜೀವಿಗಳು. ಕಪ್ಪೆಚಿಪ್ಪು ತಿಂದವರಿಗೆ ಭೇದಿ ಹಿಡಿಸುವ ವಿಷವೂ ಇದೇ.

ಪಿಪಿ2ಎ ಅರ್ಧದಷ್ಟು ನಿಲ್ಲಲು 1 ನ್ಯಾನೋಮೋಲಾರ್ ಕೂಡ ಬೇಡ. ಪಿಪಿ1ಕ್ಕೆ 10–20 ಅಥವಾ ಇನ್ನೂ ಹೆಚ್ಚು ಬೇಕು. ಇಂಥದೇ ಇನ್ನೊಂದು ಕಿಣ್ವ ಪಿಪಿ2ಬಿಗೆ ಮೈಕ್ರೋಮೋಲಾರ್ ಮಟ್ಟ ಬೇಕು; ಪಿಪಿ2ಸಿ ಜಗ್ಗುವುದೇ ಇಲ್ಲ. ಹಾಗಾಗಿ 2 ನ್ಯಾನೋಮೋಲಾರ್‌ಗೆ ನಿಂತದ್ದು ಪಿಪಿ2ಎ, ಅಲ್ಲಿಂದ 1 ಮೈಕ್ರೋಮೋಲಾರ್ ತನಕ ನಿಂತದ್ದು ಪಿಪಿ1 ಎಂದು ಲೆಕ್ಕ. ಪಿಪಿ4, ಪಿಪಿ6 ಕೂಡ ಮೊದಲ ಪಾಲಿನಲ್ಲೇ ನುಸುಳುತ್ತವೆ, ನೆನಪಿರಲಿ.

ಅಣುತೂಕ 805. 25 ಮೈಕ್ರೋಗ್ರಾಂ ಪುಡಿಗೆ 310 ಮೈಕ್ರೋಲೀಟರ್ ಡಿಎಂಎಸ್‌ಒ (ಕರಗಿಸುವ ದ್ರವ) ಹಾಕಿದರೆ 100 ಮೈಕ್ರೋಮೋಲಾರ್. ಸಣ್ಣ ಸಣ್ಣ ಪಾಲು ಮಾಡಿ, ಬೆಳಕು ತಾಗದಂತೆ ಮೈನಸ್ 20 ಡಿಗ್ರಿಯಲ್ಲಿಡಿ. ಕೈಗವಸು ಕಡ್ಡಾಯ: ಇಲಿಯ ಚರ್ಮದಲ್ಲಿ ಗೆಡ್ಡೆ ಬೆಳೆಯಲು ಒತ್ತಾಸೆ ಕೊಡುವ ವಸ್ತು ಇದು, ಡಿಎಂಎಸ್‌ಒ ಚರ್ಮ ದಾಟಿ ಒಳಗಿಳಿಯುತ್ತದೆ.

ಬಫರ್: 50 ಮಿಲಿಮೋಲಾರ್ ಟ್ರಿಸ್ (ಪಿಎಚ್ 7.5), 0.1 ಮಿಲಿಮೋಲಾರ್ ಇಜಿಟಿಎ (ಕ್ಯಾಲ್ಸಿಯಂ ಹಿಡಿದಿಡುವ ವಸ್ತು), 0.1% ಮರ್ಕ್ಯಾಪ್ಟೋಎಥನಾಲ್, ಮಿಲಿಲೀಟರಿಗೆ 1 ಮಿಲಿಗ್ರಾಂ ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್). ಮೆಗ್ನೀಸಿಯಂ ಇಲ್ಲದಿದ್ದರೆ ಪಿಪಿ2ಸಿ, ಇಜಿಟಿಎ ಇದ್ದರೆ ಪಿಪಿ2ಬಿ ಸುಮ್ಮನಿರುತ್ತವೆ. ಕೋಶ ಒಡೆಯುವ ದ್ರಾವಣದಲ್ಲಿ ಫ್ಲೋರೈಡ್, ಬೀಟಾ-ಗ್ಲಿಸರೋಫಾಸ್ಫೇಟ್ ಇದ್ದರೆ ಅಳೆಯಲು ಏನೂ ಉಳಿಯದು. ವಿಷದ ಜೊತೆ 30 ಡಿಗ್ರಿಯಲ್ಲಿ 10 ನಿಮಿಷ ಇಟ್ಟು, ಆಮೇಲೆ ಕಿಣ್ವ ಫಾಸ್ಫೇಟ್ ಕಳಚಬೇಕಾದ ಪ್ರೋಟೀನ್, ಅಂದರೆ ವಿಕಿರಣಶೀಲ ಪಿ-32 ಗುರುತಿನ ಫಾಸ್ಫೋರಿಲೇಸ್-ಎ, 10 ಮೈಕ್ರೋಮೋಲಾರ್ ಬರುವಂತೆ ಸೇರಿಸಿ. ಟ್ರೈಕ್ಲೋರೋಅಸೆಟಿಕ್ ಆಮ್ಲದಿಂದ ನಿಲ್ಲಿಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯ ವಿಕಿರಣವನ್ನು ಎಣಿಸಿ. ಬಿಡುಗಡೆಯಾದ ಫಾಸ್ಫೇಟ್ 20% ಮೀರಿದರೆ ಆ ಅಂಕಿ ನಂಬಬೇಡಿ. ಫಾಸ್ಫೋರಿಲೇಸ್-ಎ ಬದಲು ಪ್ಯಾರಾ-ನೈಟ್ರೋಫಿನೈಲ್ ಫಾಸ್ಫೇಟ್ ಅಗ್ಗ, ಸುಲಭ. ಆದರೆ ಕಚ್ಚಾ ಸಾರದಲ್ಲಿ ಅದನ್ನು ಟೈರೋಸಿನ್ ಫಾಸ್ಫಟೇಸ್‌ಗಳೂ ಸೀಳುತ್ತವೆ. ಶುದ್ಧ ಕಿಣ್ವಕ್ಕೆ ಮಾತ್ರ ಅದು ಸರಿ.

ಹೆಚ್ಚಿನವರು ಎಡವುವುದು ಸಾರವನ್ನು ತೆಳುವಾಗಿಸುವಲ್ಲಿ. ಈ ವಿಷ ಪಿಪಿ2ಎಗೆ ಎಷ್ಟು ಬಿಗಿಯಾಗಿ ಅಂಟುತ್ತದೆಂದರೆ, ಒಂದು ಅಣು ಒಂದು ಕಿಣ್ವವನ್ನು ಹಿಡಿದು ಖರ್ಚಾಗಿಬಿಡುತ್ತದೆ. ಟ್ಯೂಬಿನಲ್ಲಿ 5 ನ್ಯಾನೋಮೋಲಾರ್ ಪಿಪಿ2ಎ ಇದ್ದರೆ 2 ನ್ಯಾನೋಮೋಲಾರ್ ವಿಷ ಹೆಚ್ಚೆಂದರೆ 2ನ್ನು ನಿಲ್ಲಿಸೀತು. ಉಳಿದ 3 ಪಿಪಿ1ರ ಖಾತೆಗೆ ಬೀಳುತ್ತದೆ. ಸಾರವನ್ನು ಇನ್ನೆರಡು ಪಟ್ಟು ತೆಳುವಾಗಿಸಿ ಮತ್ತೆ ಅಳೆಯಿರಿ. ಶೇಕಡಾವಾರು ಬದಲಾದರೆ ಮೊದಲಿನದು ಗಟ್ಟಿಯಾಗಿತ್ತು. 200 ನ್ಯಾನೋಮೋಲಾರ್ ಇನ್‌ಹಿಬಿಟರ್-2 ಹಾಕಿದ ಇನ್ನೊಂದು ಟ್ಯೂಬ್ ಇಡಿ. ಅದು ಪಿಪಿ1 ಒಂದನ್ನೇ ತಡೆಯುತ್ತದೆ, ಎರಡು ಲೆಕ್ಕ ಹೊಂದಲೇಬೇಕು.

ಜೀವಂತ ಕೋಶಕ್ಕೆ ಈ ಅಂಕಿಗಳನ್ನು ಒಯ್ಯಬೇಡಿ. ಅಲ್ಲಿ ಪಿಪಿ2ಎ ದಟ್ಟ, ವಿಷ ಒಳಹೋಗುವುದು ನಿಧಾನ; 100 ನ್ಯಾನೋಮೋಲಾರ್‌ಗೂ ಗಂಟೆಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಕೋಶಗಳು ದುಂಡಗಾಗಿ ತಟ್ಟೆಯಿಂದ ಏಳತೊಡಗುತ್ತವೆ. ಹೋಲಿಕೆಗೆ ಬರೀ ಡಿಎಂಎಸ್‌ಒ ಸಾಲದು, ಇದೇ ವಿಷವನ್ನು ಹೋಲುವ, ಆದರೆ ಕಿಣ್ವವನ್ನು ತಡೆಯದ 1-ನಾರ್-ಒಕಡಾಓನ್ ಕೂಡ ಇಡಿ.