ಕನ್ನಡದ ಸ್ಯಾಂಡ್‌ಪೇಪರ್ ಅಕ್ಷರಕ್ಕೆ ರಂಗೋಲಿ ಪುಡಿ

ಮಾಂಟೆಸರಿ ಶಾಲೆಯಲ್ಲಿ ಇಂಗ್ಲಿಷ್, ದೇವನಾಗರಿ ಸ್ಯಾಂಡ್‌ಪೇಪರ್ ಅಕ್ಷರಗಳನ್ನು (ಸ್ಯಾಂಡ್‌ಪೇಪರ್ ಕತ್ತರಿಸಿ ರಟ್ಟಿಗೆ ಅಂಟಿಸಿದ ತರಿತರಿ ಅಕ್ಷರ) ಬೆರಳಲ್ಲಿ ತಿದ್ದುವ ಮಗುವಿಗೆ ಮನೆಯಲ್ಲಿ ಕನ್ನಡದ್ದೂ ಬೇಕಿದ್ದರೆ ಕತ್ತರಿ ಹಿಡಿಯಬೇಡಿ. ಖಾಲಿ ಮೆಹಂದಿ ಕೋನ್‌ಗೆ ಫೆವಿಕಾಲ್ ತುಂಬಿ, ರಟ್ಟಿನ ಮೇಲೆ 10 ಸೆಂ.ಮೀ. ಎತ್ತರದ ಅಕ್ಷರ ಬರೆದು, ಹಸಿಯಿರುವಾಗಲೇ ಬಿಳಿ ರಂಗೋಲಿ ಪುಡಿ ಉದುರಿಸಿ. ರಾತ್ರಿಯಿಡೀ ಒಣಗಿದ ಮೇಲೆ ಕೊಡವಿ. ತರಿತರಿ ಪುಡಿಯೇ ಆಗಬೇಕು, ಪುಣೆಯವರಿಗೆ ತುಳಶೀಬಾಗ್ ಪೇಟೆ ಇದ್ದೇ ಇದೆ. ಬಣ್ಣದ ಪುಡಿ ಕೈಗೆ ಹತ್ತುತ್ತೆ, ರವೆಗೆ ಮಳೆಗಾಲದಲ್ಲಿ ಹುಳ ಬೀಳುತ್ತೆ. ನಮ್ಮ ಅಕ್ಷರಗಳು ದುಂಡಗಾದ್ದರಿಂದ ಸ್ಯಾಂಡ್‌ಪೇಪರ್ ಕತ್ತರಿಸಿದರೆ ಒಳತಿರುವಿನಲ್ಲಿ ಹರಿಯುತ್ತೆ. ಕೋನ್ ಆದರೆ ಕೈಬರಹದ ದಾರಿಯಲ್ಲೇ ಸಾಗುತ್ತೆ, ಮಗುವಿನ ಬೆರಳೂ ಅದೇ ದಾರಿ ಹಿಡಿಯುತ್ತೆ. ಸಾಮಾನ್ಯವಾಗಿ ಸ್ವರಕ್ಕೆ ನೀಲಿ ರಟ್ಟು, ವ್ಯಂಜನಕ್ಕೆ ಗುಲಾಬಿ. ನಿಮ್ಮ ಶಾಲೆಯಲ್ಲಿ ಹೇಗೋ ಟೀಚರನ್ನು ಒಮ್ಮೆ ಕೇಳಿ. ಶುರುವಿಗೆ ಅ, ರ, ಸ, ಗ, ಮ ಸಾಕು: ಸರ, ಮರ, ಅರಸ, ಗರಗಸ ಎಲ್ಲ ಬಂದುಬಿಡುತ್ತೆ. ಅಜ್ಜಿಯೋ ಅಜ್ಜನೋ ತೋರುಬೆರಳು, ನಡುಬೆರಳು ಜೋಡಿಸಿ ನಿಧಾನವಾಗಿ ತಿದ್ದಿ 'ಮ' ಅನ್ನಲಿ, ಆಮೇಲೆ ಮಗು. ಒಂದು ಸಲಕ್ಕೆ ಎರಡೋ ಮೂರೋ ಅಕ್ಷರ, ಹೆಚ್ಚು ಬೇಡ. ಕೈಕೊಡೋದು ಠ, ಥ ಬರೆಯುವಾಗ: ಫೆವಿಕಾಲ್ ಹರಡಿ ನಡುವಿನ ಚುಕ್ಕೆ ಅಂಚಿಗೆ ಅಂಟಿಹೋಗುತ್ತೆ, ಅವನ್ನು ಇನ್ನೂ ದೊಡ್ಡದಾಗಿ, ತೆಳ್ಳಗೆ ಬರೆಯಿರಿ. ಜುಲೈ ತೇವದಲ್ಲಿ ಒಣಗಲು ಎರಡು ದಿನ ಬೇಕು. ಮ, ಯ ಒಟ್ಟಿಗೆ ಕೊಟ್ಟರೆ ಗೊಂದಲ ಗ್ಯಾರಂಟಿ. ಪದದ ಮೊದಲ ಧ್ವನಿ ಯಾವುದೆಂದು ಮಗು ಇನ್ನೂ ಹೇಳದಿದ್ದರೆ ಕಾರ್ಡು ಎತ್ತಿಡಿ, ಸದ್ಯಕ್ಕೆ 'ಸ ಅಂತ ಶುರುವಾಗೋದು ಏನಿದೆ ಅಡುಗೆಮನೇಲಿ?' ಅನ್ನೋ ಆಟವೇ ಸರಿ.