ನ್ಯೂಟ್ರಾನ್ ಹೊಡೆತಕ್ಕೆ ಚಿಪ್ ತಾಳುತ್ತದೆಯೇ? ಪರೀಕ್ಷಿಸುವುದು ಹೀಗೆ

2003ರ ಮೇ ತಿಂಗಳಲ್ಲಿ ಬ್ರಸೆಲ್ಸ್‌ನ ಸ್ಕಾರ್ಬೇಕ್‌ನಲ್ಲಿ ನಡೆದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಲೆಕ್ಕಕ್ಕೆ 4,096 ಮತಗಳು ಹೆಚ್ಚುವರಿಯಾಗಿ ಸೇರಿಕೊಂಡವು. ಎರಡರ ಹನ್ನೆರಡನೆಯ ಘಾತ 4,096. ಮೆಮೊರಿಯಲ್ಲಿ ಮತಸಂಖ್ಯೆಯ ಹದಿಮೂರನೆಯ ಬಿಟ್ ಒಂದೇ ಸೊನ್ನೆಯಿಂದ ಒಂದಕ್ಕೆ ತಿರುಗಿದರೂ ಇಷ್ಟೇ ವ್ಯತ್ಯಾಸ ಬರುತ್ತದೆ. ಸಾಫ್ಟ್‌ವೇರ್‌ನಲ್ಲಿ ದೋಷ ಸಿಗದಿದ್ದಾಗ ಅನುಮಾನ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳತ್ತ ತಿರುಗಿತು.

ವಿಶ್ವಕಿರಣಗಳು ಮೇಲಿನ ವಾತಾವರಣಕ್ಕೆ ಬಡಿದಾಗ ನ್ಯೂಟ್ರಾನ್‌ಗಳು ಸಿಡಿದು ಕೆಳಗಿಳಿಯುತ್ತವೆ. ಅವುಗಳಿಗೆ ವಿದ್ಯುದಾವೇಶವಿಲ್ಲ, ಪೆಟ್ಟಿಗೆಯ ತಗಡಾಗಲಿ ಚಿಪ್‌ನ ಹೊದಿಕೆಯಾಗಲಿ ತಡೆಯಾಗದು. ಅಪರೂಪಕ್ಕೆ ಒಂದು ನ್ಯೂಟ್ರಾನ್ ಸಿಲಿಕಾನ್ ನ್ಯೂಕ್ಲಿಯಸ್‌ಗೆ ಗುದ್ದಿದರೆ ಅದರ ಚೂರುಗಳು ಚಿಪ್‌ನೊಳಗೆ ಆವೇಶ ಚೆಲ್ಲುತ್ತವೆ, ಬಿಟ್ ತಿರುಗುತ್ತದೆ. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ಗಂಟೆಗೆ ಸುಮಾರು 13 ಹೆಚ್ಚುಶಕ್ತಿಯ ನ್ಯೂಟ್ರಾನ್‌ಗಳು ಎಂಬುದು ನ್ಯೂಯಾರ್ಕ್ ನಗರವನ್ನು ಆಧರಿಸಿದ ಮಾನದಂಡ. ವಿಮಾನ ಹಾರುವ ಎತ್ತರದಲ್ಲಿ ಇದು ನೂರಾರು ಪಟ್ಟು ಹೆಚ್ಚು.

ಈ ವೇಗದಲ್ಲಿ ತಪ್ಪಿಗಾಗಿ ಕಾಯುತ್ತಾ ಕೂರಲಾಗದು. ಆದ್ದರಿಂದ ಅಮೆರಿಕದ ಲಾಸ್ ಅಲಾಮೋಸ್, ಬ್ರಿಟನ್ನಿನ ಐಸಿಸ್‌ನಂಥ ಕಣವೇಗವರ್ಧಕ ಕೇಂದ್ರಗಳಿಗೆ ಹೋಗಬೇಕು. ಅಲ್ಲಿ ಪ್ರೋಟಾನ್‌ಗಳನ್ನು ಟಂಗ್‌ಸ್ಟನ್‌ನಂಥ ಭಾರಲೋಹಕ್ಕೆ ಅಪ್ಪಳಿಸಿ ನ್ಯೂಟ್ರಾನ್ ಪುಂಜ ಪಡೆಯುತ್ತಾರೆ. ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 50 ಲಕ್ಷ ನ್ಯೂಟ್ರಾನ್ ಸಿಕ್ಕರೆ, ಪುಂಜದ ಒಂದು ಗಂಟೆ ನೆಲದ ಮೇಲಿನ ಒಂದೂವರೆ ಲಕ್ಷ ವರ್ಷಕ್ಕೆ ಸಮ.

ಪುಂಜದ ಸಮಯ ದುಬಾರಿ. ಹಾಗಾಗಿ ಹೊರಡುವ ಮುನ್ನವೇ ‘ತಪ್ಪು’ ಎಂದರೆ ಯಾವುದು ಎಂದು ಬರೆದಿಟ್ಟುಕೊಳ್ಳಿ. ಇಡೀ ಪರೀಕ್ಷೆಯ ಬೆಲೆ ಈ ಒಂದು ಹೆಜ್ಜೆಯಲ್ಲಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಯಂತ್ರ ಸ್ಥಗಿತಗೊಂಡರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಯಾವ ಎಚ್ಚರಿಕೆಯನ್ನೂ ಕೊಡದೆ ತಪ್ಪು ಉತ್ತರ ಕೊಟ್ಟು ಮುಂದೆ ಸಾಗುವ ಯಂತ್ರವೇ ಹೆಚ್ಚು ಅಪಾಯಕಾರಿ. ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸಿ, ಪ್ರತಿ ಸಲವೂ ಹೋಲಿಸಿ ನೋಡಿದರೆ ಮಾತ್ರ ಅದು ಸಿಕ್ಕಿಬೀಳುತ್ತದೆ. ಮೆಮೊರಿಯಾದರೆ ಒಂದು-ಸೊನ್ನೆಗಳ ಗೊತ್ತಾದ ವಿನ್ಯಾಸ ತುಂಬಿ, ಓದಿ, ಯಾವ ವಿಳಾಸದ ಯಾವ ಬಿಟ್ ಎಷ್ಟು ಹೊತ್ತಿಗೆ ತಿರುಗಿತು ಎಂದು ದಾಖಲಿಸಿ.

ಹೋಲಿಸುವ ಕಂಪ್ಯೂಟರ್ ಪುಂಜದಿಂದ ದೂರ, ರಕ್ಷಣಾ ಗೋಡೆಯ ಆಚೆ ಇರಲಿ. ಅದೇ ತಪ್ಪಿದರೆ ಯಾರ ಲೆಕ್ಕ ನಂಬುತ್ತೀರಿ? ಉದ್ದದ ಕೇಬಲ್‌ಗಳನ್ನು ಊರಲ್ಲೇ ಜೋಡಿಸಿ ನೋಡಿ. ವಿದ್ಯುತ್ ಸರಬರಾಜಿಗೆ ಮಿತಿ ಹಾಕಿ, ದೂರದಿಂದಲೇ ಆರಿಸಿ ಹೊತ್ತಿಸುವ ವ್ಯವಸ್ಥೆ ಇಟ್ಟುಕೊಳ್ಳಿ. ಲ್ಯಾಚ್‌ಅಪ್ ಆಗಿ, ಅಂದರೆ ಚಿಪ್‌ನೊಳಗೆ ಬೇಡದ ದಾರಿ ತೆರೆದು ಮುಚ್ಚದೆ ಉಳಿದು, ಕರೆಂಟ್ ಏರಿದರೆ ಚಿಪ್ ಸುಟ್ಟೇಹೋಗಬಹುದು.

ಮೊದಲು ಪುಂಜವಿಲ್ಲದೆ ಓಡಿಸಿ. ಆಗಲೂ ತಪ್ಪು ಬಂದರೆ ದೋಷ ನಿಮ್ಮ ಜೋಡಣೆಯದು. ಪುಂಜ ಹಾಯಿಸಿದ ಮೇಲೆ ತಪ್ಪುಗಳು ಒಂದರ ಹಿಂದೊಂದು ಮುಗಿಬೀಳದಂತೆ ತೀವ್ರತೆ ನೋಡಿಕೊಳ್ಳಿ. ಒಂದು ಬಿಟ್ಟನ್ನು ಸರಿಪಡಿಸುವಷ್ಟರಲ್ಲಿ ಅದೇ ಪದದ (ಮೆಮೊರಿಯಲ್ಲಿ ಒಟ್ಟಿಗೆ ಓದುವ ಬಿಟ್‌ಗಳ ಗುಂಪಿನ) ಇನ್ನೊಂದು ಬಿಟ್ ತಿರುಗಿದರೆ, ನಿಜ ಜೀವನದಲ್ಲಿ ಆಗದ ವೈಫಲ್ಯವನ್ನು ದಾಖಲಿಸಿದಂತಾಗುತ್ತದೆ. ನ್ಯೂಟ್ರಾನ್‌ಗಳು ಬೋರ್ಡ್ ದಾಟಿ ಹೋಗುವುದರಿಂದ ಹಲವು ಬೋರ್ಡ್‌ಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಬಹುದು. ಹಿಂದಿನವಕ್ಕೆ ಕಡಿಮೆ ಬೀಳುವುದನ್ನು ಲೆಕ್ಕದಲ್ಲಿ ಸರಿಪಡಿಸಿ. ಮುಗಿದ ಕೂಡಲೇ ಬೋರ್ಡ್ ಮುಟ್ಟಬೇಡಿ. ಅದರಲ್ಲಿನ ಲೋಹಗಳು ವಿಕಿರಣಶೀಲವಾಗಿರಬಹುದು. ಸುರಕ್ಷತಾ ಸಿಬ್ಬಂದಿ ಅಳೆದು ಒಪ್ಪಿದ ಮೇಲಷ್ಟೇ ಅದು ಹೊರಬರಬೇಕು.

ಉಳಿದದ್ದು ಲೆಕ್ಕ. ಚದರ ಸೆಂಟಿಮೀಟರಿಗೆ 1,000 ಕೋಟಿ ನ್ಯೂಟ್ರಾನ್ ಬಿದ್ದು 100 ತಪ್ಪು ಬಂದವು ಎನ್ನೋಣ. ಭಾಗಿಸಿ, 13ರಿಂದ ಗುಣಿಸಿದರೆ ನೆಲದ ಮೇಲೆ ಗಂಟೆಗೆ ಎಷ್ಟು ತಪ್ಪು ಎಂಬುದು ಸಿಗುತ್ತದೆ. 100 ಕೋಟಿ ಗಂಟೆಗೆ 130 ತಪ್ಪು, ಅಂದರೆ 130 ಫಿಟ್ (100 ಕೋಟಿ ಗಂಟೆಗೆ ಒಂದು ತಪ್ಪಾದರೆ ಒಂದು ಫಿಟ್). ಒಂದು ಸಾಧನಕ್ಕೆ ಇದು ಏನೂ ಅಲ್ಲ. ಲಕ್ಷ ಸಾಧನಗಳಿರುವಲ್ಲಿ ಸರಾಸರಿ ಮೂರು ದಿನಕ್ಕೊಂದು ತಪ್ಪು. ಅಷ್ಟೇ ನ್ಯೂಟ್ರಾನ್ ಬಿದ್ದೂ ಒಂದು ತಪ್ಪೂ ಬಾರದಿದ್ದರೆ ವರದಿಯಲ್ಲಿ ಸೊನ್ನೆ ಎಂದು ಬರೆಯುವಂತಿಲ್ಲ. ಶೇ 95ರ ಖಾತ್ರಿಯಲ್ಲಿ ‘ಸುಮಾರು 4 ಫಿಟ್‌ಗಿಂತ ಕಡಿಮೆ’ ಎಂದಷ್ಟೇ ಬರೆಯಬಹುದು.