ಬೋರ್ ನೀರಿನಲ್ಲಿ ಸಾಲ್ಟ್ ಸೆಲ್ ಐದು ವರ್ಷ ಬಾಳಿದ ಬಗೆ: ನನ್ನ ಅನುಭವ

ಹುಬ್ಬಳ್ಳಿಯಿಂದ ಗದಗ ರಸ್ತೆ ಹಿಡಿದು ಅಣ್ಣಿಗೇರಿಯತ್ತ ಹೊರಟರೆ ಸಿಗುವ ಎರೆಹೊಲಗಳ ನಡುವಿನ ಒಂದು ತೋಟದ ಮನೆಯ ಈಜುಕೊಳವನ್ನು ನಾನು ಸುಮಾರು ಒಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಕೊಳ 12 ಮೀಟರ್ ಉದ್ದ, 6 ಮೀಟರ್ ಅಗಲವಿದ್ದು, ಹೆಚ್ಚುಕಡಿಮೆ 97,000 ಲೀಟರ್ ನೀರು ಹಿಡಿಯುತ್ತದೆ. ಉಪ್ಪು ಬೆರೆತ ಕೊಳದ ನೀರಿಗೆ ವಿದ್ಯುತ್ ಹಾಯಿಸಿ ಅಲ್ಲೇ ಕ್ಲೋರಿನ್ ತಯಾರಿಸುವ ಯಂತ್ರವೇ ಸಾಲ್ಟ್ ಕ್ಲೋರಿನೇಟರ್, ಅದರೊಳಗೆ ಆ ಕೆಲಸ ಮಾಡುವ ಲೋಹದ ಪ್ಲೇಟುಗಳ ಭಾಗವೇ ಸೆಲ್. ಆ ಯಂತ್ರ ಕೂರಿಸಿದ ದಿನದಿಂದಲೂ ಈ ಕಸುಬಿನವರೆಲ್ಲ, ಯಂತ್ರ ಜೋಡಿಸಿದ ಮೆಕ್ಯಾನಿಕ್ ಕೂಡ, ಈ ಭಾಗದ ಬೋರ್ ನೀರಿಗೆ ಸೆಲ್ ತಾಳುವುದಿಲ್ಲ, ಕ್ಲೋರಿನ್ ಮಾತ್ರೆಗೆ ಮರಳುವುದೇ ಲೇಸು ಎಂದು ಹೇಳುತ್ತಿದ್ದರು. ಈಗ ಅಲ್ಲಿರುವುದು ಮೂರನೆಯ ಸೆಲ್. ಅದು ಐದು ಬೇಸಿಗೆಗಳನ್ನು ದಾಟಿದೆ, ಮತ್ತು ಕಳೆದ ಹದಿನೆಂಟು ತಿಂಗಳಲ್ಲಿ ಅದನ್ನು ಆಸಿಡ್‌ನಲ್ಲಿ ತೊಳೆದದ್ದು ಒಂದೇ ಸಲ.

ಮೊದಲನೆಯ ಸೆಲ್ಲನ್ನು ಕೆಡಿಸಿದ್ದು ನನ್ನ ಅತಿ ಶುಚಿತ್ವ. ಪ್ಲೇಟುಗಳಿಗೆ ಕಟ್ಟುವ ಸುಣ್ಣ ಬಿಡಿಸಲು ಹದಿನೈದು ದಿನಕ್ಕೊಮ್ಮೆ ಬಿಚ್ಚಿ, ಒಂದು ಪಾಲು ಆಸಿಡ್‌ಗೆ ನಾಲ್ಕು ಪಾಲು ನೀರು ಬೆರೆಸಿ, ನೊರೆ ನಿಲ್ಲುವವರೆಗೆ ಮುಳುಗಿಸಿಡುತ್ತಿದ್ದೆ. ಪ್ಲೇಟುಗಳು ಹೊಳೆಯುತ್ತಿದ್ದವು, ನೋಡಿದವರು ಮೆಚ್ಚುತ್ತಿದ್ದರು. ಆದರೆ ಟೈಟಾನಿಯಂ ಪ್ಲೇಟಿನ ಮೇಲಿರುವ, ಕ್ಲೋರಿನ್ ಹುಟ್ಟಿಸುವ ರುಥೇನಿಯಂನ ತೆಳುವಾದ ಲೇಪನವೂ ಪ್ರತಿ ತೊಳೆತಕ್ಕೆ ಸ್ವಲ್ಪ ಸ್ವಲ್ಪವಾಗಿ ಸವೆಯುತ್ತಿತ್ತು. ಸಾಲದ್ದಕ್ಕೆ, ನಾನು ಊರಲ್ಲಿಲ್ಲದ ವಾರ ಸಹಾಯಕ ಹುಡುಗನೊಬ್ಬ ಪ್ಲೇಟುಗಳ ನಡುವಿನ ಸುಣ್ಣವನ್ನು ಸ್ಕ್ರೂಡ್ರೈವರ್‌ನಿಂದ ಕೆರೆದು ತೆಗೆದಿದ್ದ. ಹದಿನಾಲ್ಕು ತಿಂಗಳಿಗೆ ಸೆಲ್ ಕ್ಲೋರಿನ್ ಕೊಡುವುದನ್ನೇ ನಿಲ್ಲಿಸಿತು. ಹೊಸದಕ್ಕೆ ಆಗ ಸುಮಾರು 55,000 ರೂಪಾಯಿ ಆಯಿತು. ಮಾಲೀಕರಿಗೆ ಆ ಮೊತ್ತ ಹೇಳುವಾಗ ನನಗಾದ ಸಂಕಟ ಇಂದಿಗೂ ಮರೆತಿಲ್ಲ.

ಎರಡನೆಯ ಸೆಲ್ ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಬಾಳಿತು. ಅದರ ಕಾಲದಲ್ಲಿ ಮಾಡಿದ ದೊಡ್ಡ ತಪ್ಪು ಉಪ್ಪಿನದು. ಡಿಸೆಂಬರಿನ ಮುಂಜಾನೆ ನೀರು 20 ಡಿಗ್ರಿಗೆ ಇಳಿದಾಗ ಯಂತ್ರ ‘ಉಪ್ಪು ಕಡಿಮೆ’ ಎಂದು ತೋರಿಸಿತು. ತಣ್ಣೀರಿನಲ್ಲಿ ವಿದ್ಯುತ್ ಕಡಿಮೆ ಹರಿಯುವುದರಿಂದ ಯಂತ್ರಕ್ಕೆ ಹಾಗೆ ಕಾಣುತ್ತದೆ ಎಂಬುದನ್ನು ಯೋಚಿಸದೆ, 25 ಕಿಲೋದ ನಾಲ್ಕು ಚೀಲ ಸುರಿದೆ. ಮಾರ್ಚಿಗೆ ನೀರು ಕಾದೊಡನೆ ಪರದೆಯ ಮೇಲೆ ಉಪ್ಪು 4,400 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ದಾಟಿ ಯಂತ್ರ ಪದೇಪದೇ ಟ್ರಿಪ್ ಆಗತೊಡಗಿತು. ಹಾಕಿದ ಉಪ್ಪನ್ನು ತೆಗೆಯಲು ನೀರು ಚೆಲ್ಲುವುದೊಂದೇ ದಾರಿ. ಸುತ್ತಲಿನ ಹೊಲಗಳು ಬಾಯಿಬಿಟ್ಟು ಒಣಗಿರುವಾಗ ಇಪ್ಪತ್ತು ಸಾವಿರ ಲೀಟರ್ ನೀರನ್ನು ಚರಂಡಿಗೆ ಬಿಡಬೇಕಾಯಿತು. ಅಂದಿನಿಂದ ಚಳಿಗಾಲದಲ್ಲಿ ಯಂತ್ರದ ಪರದೆಯನ್ನು ನಂಬದೆ, ಕೈ ಮೀಟರ್‌ನಿಂದ ಮಧ್ಯಾಹ್ನದ ಹೊತ್ತು ಅಳೆದ ಮೇಲೆಯೇ ಉಪ್ಪಿನ ಚೀಲ ಮುಟ್ಟುತ್ತೇನೆ.

ಅದೇ ವರ್ಷ, ನೀರಿನ ಹರಿವು ನಿಂತರೆ ಸೆಲ್ಲನ್ನೂ ನಿಲ್ಲಿಸಬೇಕಾದ ಫ್ಲೋ ಸ್ವಿಚ್ಚಿನ ನಾಲಗೆ ಸುಣ್ಣ ಹಿಡಿದು ಅಂಟಿಕೊಂಡಿತು. ಪಂಪ್ ನಿಂತರೂ ಸೆಲ್ ಓಡುತ್ತಲೇ ಇದ್ದು, ಒಳಗೆ ಹೈಡ್ರೋಜನ್ ತುಂಬಿ ಕವಚ ಬಿರುಕು ಬಿಟ್ಟಿತು. ಹತ್ತಿರ ಯಾರೂ ಇರಲಿಲ್ಲವೆಂಬುದೇ ಪುಣ್ಯ. ಈಗ ಪಂಪನ್ನು ಚಾಲೂ ಮಾಡುವ ಕಾಂಟ್ಯಾಕ್ಟರ್‌ನಿಂದಲೇ ಯಂತ್ರಕ್ಕೆ ವಿದ್ಯುತ್ ಕೊಟ್ಟಿದ್ದೇನೆ, ಪಂಪ್ ನಿಂತರೆ ಸೆಲ್ಲೂ ನಿಲ್ಲುತ್ತದೆ. ಫ್ಲೋ ಸ್ವಿಚ್ ಎರಡನೆಯ ಕಾವಲು ಮಾತ್ರ.

ಗುಟ್ಟು ಸೆಲ್ಲಿನಲ್ಲಿಲ್ಲ, ತುಂಬಿಕೊಡುವ ನೀರಿನಲ್ಲಿದೆ ಎಂದು ನನಗೆ ಹೊಳೆದದ್ದು ಒಂದು ಏಪ್ರಿಲ್‌ನಲ್ಲಿ ಲೆಕ್ಕ ಹಾಕಿದಾಗ. ಬೇಸಿಗೆಯ ಗಾಳಿಗೆ ದಿನಕ್ಕೆ ಆರೇಳು ಮಿಲಿಮೀಟರ್ ನೀರು ಆರುತ್ತದೆ, ಅಂದರೆ ನಮ್ಮ ಕೊಳದಿಂದ ಸುಮಾರು 500 ಲೀಟರ್. ನಮ್ಮ ಬೋರ್ ನೀರಿನ ಗಡಸುತನ (ಕರಗಿರುವ ಸುಣ್ಣದ ಅಂಶ) 600 ಪಿಪಿಎಂ ಆಸುಪಾಸು. ಆರಿಹೋಗುವುದು ನೀರು ಮಾತ್ರ, ಸುಣ್ಣವೆಲ್ಲ ಕೊಳದಲ್ಲೇ ಉಳಿಯುತ್ತದೆ. ನೂರು ದಿನಗಳಲ್ಲಿ 50,000 ಲೀಟರ್ ತುಂಬಿಸಿದರೆ ಕೊಳದ ಗಡಸುತನ ಮತ್ತೆ 300 ಏರುತ್ತದೆ. ಪ್ರತಿ ಬೇಸಿಗೆಯ ಕೊನೆಗೆ ಒಳಹರಿವಿನ ಬಾಯಿಗಳಿಂದ ಬಿಳಿ ಚಕ್ಕೆಗಳು ಏಕೆ ಉದುರುತ್ತಿದ್ದವೆಂಬುದಕ್ಕೆ ಉತ್ತರ ಅಲ್ಲಿತ್ತು. ಪ್ಲೇಟಿನ ಮೇಲೆ ಕಟ್ಟಿದ ಸುಣ್ಣವನ್ನು ತೊಳೆಯುತ್ತಾ ಕೂರುವ ಬದಲು, ಅದು ಕೊಳಕ್ಕೆ ಬಾರದಂತೆ ತಡೆಯಬೇಕಿತ್ತು.

ಇದನ್ನು ಹೇಳಿದಾಗ ಇಬ್ಬರು ಅನುಭವಿಗಳು ತಲೆಯಾಡಿಸಿದರು. ಅಷ್ಟು ಮೆದು ನೀರನ್ನು ಎಲ್ಲಿಂದ ತರುವೆ ಎಂಬುದು ಅವರ ಪ್ರಶ್ನೆ, ಮತ್ತು ಅದು ನ್ಯಾಯವಾದ ಪ್ರಶ್ನೆಯೇ. ಮೊದಲು ಟ್ಯಾಂಕರ್ ತರಿಸಿದೆ. ನಗರದ ಮಲಪ್ರಭೆಯ ನೀರು ಎಂದು ಹೇಳಿ ಕೊಟ್ಟ ಟ್ಯಾಂಕರಿನಲ್ಲಿ ಎರಡು ಸಲ ಬೋರ್ ನೀರೇ ಬಂದದ್ದು ಗಡಸುತನ ಅಳೆಯುವ ಕಿಟ್‌ನಲ್ಲಿ ಪತ್ತೆಯಾಯಿತು, ಅಲ್ಲಿಗೆ ಬಿಟ್ಟೆ. ಆಮೇಲೆ ಪಕ್ಕದ ಹೊಲದ ಕೃಷಿಹೊಂಡದ ನೀರನ್ನು ಹಾಯಿಸಿ ನೋಡಿದೆ. ಗಡಸುತನವೇನೋ ಕಡಿಮೆಯಿತ್ತು, ಆದರೆ ಎರೆಮಣ್ಣಿನ ನುಣ್ಣನೆಯ ರಾಡಿ ಮರಳು ಫಿಲ್ಟರಿಗೆ ಸಿಗದೆ ವಾರವಿಡೀ ತೇಲಿತು, ಗೊಬ್ಬರದ ಫಾಸ್ಫೇಟ್ ಹೊತ್ತು ತಂದ ಆ ನೀರಿಗೆ ಗೋಡೆಯ ಮೂಲೆಗಳಲ್ಲಿ ಪಾಚಿಯೂ ಹಿಡಿಯಿತು. ಪಟಿಕ ಹಾಕಿ ತಿಳಿಗೊಳಿಸಿ, ತಳದ ಕೆಸರನ್ನು ಹೀರಿ ತೆಗೆಯಲು ಮೂರು ದಿನ ಹಿಡಿಯಿತು.

ಕೊನೆಗೆ ಕೈ ಹಿಡಿದದ್ದು ಚಾವಣಿಯ ಮಳೆನೀರು. ಸುಮಾರು 3,000 ಚದರಡಿ ಚಾವಣಿಯಿಂದ ಒಂದು ಅಂಗುಲ ಮಳೆಗೆ ಆರು ಸಾವಿರ ಲೀಟರ್ ಇಳಿಯುತ್ತದೆ. ಮಿರಗ ಮಳೆಯ ಮೊದಲ ಹೊಡೆತದ ಧೂಳು ನೀರನ್ನು ಹೊರಗೆ ಬಿಟ್ಟು, ಅನಂತರದ್ದನ್ನು ಹಳೆಯ 40,000 ಲೀಟರ್ ಸಂಪಿಗೆ ತಿರುಗಿಸಿದೆ. ಹಿಂಗಾರು ಮುಗಿಯುವವರೆಗೂ, ಸಂಪು ತುಂಬಿದ್ದ ವರ್ಷ ಫೆಬ್ರವರಿಯವರೆಗೂ, ಬೋರ್ ನೀರು ಮುಟ್ಟುವ ಅಗತ್ಯ ಬೀಳುವುದಿಲ್ಲ. ಉಳಿದ ಬೇಸಿಗೆಗೆ, ಬೋರ್ ನೀರಿನ ಸುಣ್ಣವನ್ನು ರಾಳದ ಮಣಿಗಳಲ್ಲಿ ಹಿಡಿದಿಡುವ 50 ಲೀಟರ್ ರಾಳದ ಸಾಫ್ಟನರ್ ಕೂರಿಸಿದೆವು, ಪೈಪು ಕೆಲಸ ಸೇರಿ 38,000 ರೂಪಾಯಿ ಬಿತ್ತು. ಹತ್ತಿರ ಹತ್ತಿರ ನಾಲ್ಕು ಸಾವಿರ ಲೀಟರ್ ಹಾಯಿಸಿದ ಮೇಲೆ ಏಳೆಂಟು ಕಿಲೋ ಉಪ್ಪಿನಲ್ಲಿ ಅದನ್ನು ತೊಳೆದು ಮತ್ತೆ ಸಜ್ಜುಗೊಳಿಸಬೇಕು. ಆ ತೊಳೆದ ಉಪ್ಪುನೀರನ್ನು ಮೊದಲ ವರ್ಷ ತಿಳಿಯದೆ ಲಿಂಬೆ ಗಿಡದ ಕಡೆ ಹರಿಯಬಿಟ್ಟೆ, ಚೆನ್ನಾಗಿ ಕಾಯುತ್ತಿದ್ದ ಗಿಡ ಒಣಗಿಹೋಯಿತು.

ಸಾಫ್ಟನರ್ ಸುಣ್ಣ ತೆಗೆಯುತ್ತದೆಯೇ ಹೊರತು ಕ್ಷಾರೀಯತೆಯನ್ನು, ಅಂದರೆ ಪಿಎಚ್ ಮೇಲೇರಿಸುವ ಬೈಕಾರ್ಬನೇಟ್ ಅಂಶವನ್ನು, ತೆಗೆಯುವುದಿಲ್ಲ. ನಮ್ಮ ಬೋರ್ ನೀರಿನಲ್ಲಿ ಅದು 400ರ ಹತ್ತಿರ ಇರುವುದರಿಂದ ಬೇಸಿಗೆಯಲ್ಲಿ ಈಗಲೂ ವಾರಕ್ಕೆ ಮೂರು ಲೀಟರ್ ಆಸಿಡ್ ಬೇಕು, ಮೊದಲು ಐದು ಬೇಕಾಗುತ್ತಿತ್ತು. ಕೊಳದಲ್ಲಿ ಕ್ಷಾರೀಯತೆಯನ್ನು 60ರಿಂದ 70ಕ್ಕೆ ಇಳಿಸಿ ನಿಲ್ಲಿಸಿದ್ದರಿಂದ ಪಿಎಚ್ ದಿನಬೆಳಗಾದರೆ 8.2ಕ್ಕೆ ಹಾರುವುದು ನಿಂತಿತು. ಗಡಸುತನವನ್ನು 250ಕ್ಕಿಂತ ಕೆಳಗೆ ಇಳಿಸುವುದಿಲ್ಲ, ಇಳಿಸಿದರೆ ಟೈಲ್ಸ್ ನಡುವಿನ ಸಿಮೆಂಟನ್ನು ನೀರು ತಿನ್ನುತ್ತದೆ. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿಯನ್ನೇ ಒಟ್ಟು 28 ಕಿಲೋ ಕರಗಿಸಿ ಬೋರೇಟ್ 50 ಪಿಪಿಎಂಗೆ ತಂದ ಮೇಲೆ ಪಿಎಚ್ ಇನ್ನಷ್ಟು ಸ್ಥಿರವಾಯಿತು. ನನ್ನ ಮಟ್ಟಿಗೆ ನಾಲ್ಕು ಸಾವಿರ ರೂಪಾಯಿಗೆ ಇಷ್ಟು ಫಲ ಕೊಟ್ಟದ್ದು ಬೇರೆ ಯಾವುದೂ ಇಲ್ಲ. ಆದರೆ ಅದನ್ನು ಯಾವ ಕ್ರಮದಲ್ಲಿ, ಎಷ್ಟು ದಿನಗಳಲ್ಲಿ ಕರಗಿಸಿದೆ ಎಂಬುದನ್ನು ನನ್ನ ಬಳಿ ಕೆಲಸ ಕಲಿಯುವವರಿಗೆ ಮಾತ್ರ ಹೇಳುತ್ತೇನೆ.

ಸೆಲ್ಲಿನ ದುಡಿಮೆಯನ್ನೂ ಇಳಿಸಿದೆ. ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ಕಾಯುವ ಸ್ಟೆಬಿಲೈಜರ್ (ಸಯನ್ಯೂರಿಕ್ ಆಸಿಡ್) 30 ಪಿಪಿಎಂ ಸುತ್ತ ಇದ್ದಾಗ ಬಿಸಿಲು ದಿನಕ್ಕೆ ಮೂರು ಪಿಪಿಎಂ ಕ್ಲೋರಿನ್ ತಿನ್ನುತ್ತಿತ್ತು, ಅದನ್ನು 65ಕ್ಕೆ ಏರಿಸಿದ ಮೇಲೆ ಎರಡಕ್ಕಿಂತ ಕಡಿಮೆಯಾಯಿತು. ಆದ್ದರಿಂದ ಗಂಟೆಗೆ 25 ಗ್ರಾಂ ಕೊಡುವ ಸೆಲ್ ದಿನಕ್ಕೆ ಏಳೆಂಟು ತಾಸು ಓಡಿದರೆ ಸಾಕು, ಮೊದಲು ಹದಿಮೂರು ತಾಸು ಓಡಿಸುತ್ತಿದ್ದೆ. ಮಳೆಗಾಲ ಮತ್ತು ಚಳಿಗಾಲದಲ್ಲಿ ಮೂರ್ನಾಲ್ಕು ತಾಸು. ಪ್ಲೇಟಿಗೆ ಕಟ್ಟಿದ ಸುಣ್ಣ ಉದುರಲೆಂದು ಯಂತ್ರ ಆಗಾಗ ವಿದ್ಯುತ್ತಿನ ದಿಕ್ಕು ತಿರುಗಿಸುತ್ತದೆ. ಈ ಧ್ರುವ ಬದಲಾವಣೆಯ ಅಂತರವನ್ನೂ ಕಂಪನಿಯವರು ಇಟ್ಟದ್ದಕ್ಕಿಂತ ಉದ್ದ ಮಾಡಿದ್ದೇನೆ, ಏಕೆಂದರೆ ಪ್ರತಿ ಬದಲಾವಣೆಯೂ ಲೇಪನವನ್ನು ಸವೆಸುತ್ತದೆ. ಎಷ್ಟು ತಾಸಿಗೆ ಇಟ್ಟಿದ್ದೇನೆಂಬುದು ನನ್ನಲ್ಲೇ ಇರಲಿ. ಗಡಸು ನೀರಿರುವವರು ಅದನ್ನು ಅನುಕರಿಸಿದರೆ ಸೆಲ್ ವಾರದಲ್ಲೇ ಕಟ್ಟಿಕೊಳ್ಳುತ್ತದೆ.

ಉಪ್ಪಿನ ಬಗ್ಗೆಯೂ ಒಂದು ಮಾತು. ಹಣ ಉಳಿಸಲು ಒಮ್ಮೆ ಗೋಕರ್ಣದ ಕಡೆಯ ಹರಳುಪ್ಪು ತರಿಸಿ ಹಾಕಿದ್ದೆ. ಉಪ್ಪಿನಕಾಯಿಗೆ ಅದರಂಥ ಉಪ್ಪಿಲ್ಲ, ಆದರೆ ಅದರಲ್ಲಿರುವ ಮೆಗ್ನೀಸಿಯಂ ಪ್ಲೇಟಿನ ಮೇಲೆ ಬಿಳಿ ಲೋಳೆಯಂತೆ ಕೂತಿತು, ಮಣ್ಣು ಫಿಲ್ಟರಿನ ಒತ್ತಡ ಏರಿಸಿತು. ಈಗ ಅಯೋಡಿನ್ ಬೆರೆಸದ, ಶುದ್ಧೀಕರಿಸಿದ ಉಪ್ಪನ್ನಷ್ಟೇ ಕೊಳ್ಳುತ್ತೇನೆ.

ಮಾತ್ರೆ ಹಾಕುತ್ತಿದ್ದ ಕಾಲದಲ್ಲಿ ಬೇಸಿಗೆಯ ತಿಂಗಳಿಗೆ ನಾಲ್ಕು ಸಾವಿರದವರೆಗೆ ಖರ್ಚು ಬರುತ್ತಿತ್ತು. ಈಗ ಉಪ್ಪು, ಆಸಿಡ್, ಸಾಫ್ಟನರ್ ಎಲ್ಲ ಸೇರಿ ಸಾವಿರದ ಆಸುಪಾಸು. ಕಳೆದ ತಿಂಗಳು ಸೆಲ್ ಬಿಚ್ಚಿ ನೋಡಿದಾಗ ಒಂದು ಅಂಚಿನಲ್ಲಿ ತೆಳುವಾದ ಬಿಳಿ ಗೆರೆ ಮಾತ್ರ ಇತ್ತು. ಆಸಿಡ್ ಬಳಸದೆ ಬಿಳಿ ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ಪೈಪಿನ ನೀರು ಬಿಟ್ಟೊಡನೆ ಆ ಗೆರೆ ಬಿಟ್ಟುಕೊಂಡಿತು. ಸೆಲ್ ತಾಳುವುದಿಲ್ಲವೆಂದಿದ್ದ ಮೆಕ್ಯಾನಿಕ್ ಅಂದು ಅಲ್ಲೇ ಇದ್ದರು, ಸಾಫ್ಟನರ್‌ನ ರಾಳ ಎಷ್ಟು ಲೀಟರ್ ಎಂದು ಕೇಳಿ ಬರೆದುಕೊಂಡರು.